ಬಿಗಿಯಣ್ಣ ಒತ್ತಿಟ್ಟ ಚಿತ್ರಗಳು

ಬಿಗಿಯಣ್ಣನನ್ನು ಮಾಲೆಂದು ತಿಳಿದು ಅಂಗಡಿಯ ಮುಂಗಟ್ಟೆಯಲ್ಲಿ ಇಟ್ಟರೆ ಮೊದಲ ನೋಟಕ್ಕೆ ಯಾವ ಗಿರಾಕಿಯೂ ಕೈ ಹಾಕುವುದಿಲ್ಲ. ಉದ್ದ ಕಡಿಮೆ, ಅಗಲ ಜಾಸ್ತಿ. ಕುತ್ತಿಗೆಯ ಹೊತ್ತಿಗೆ ಬಟ್ಟೆ ಸಾಲದೆ ಹೋಯಿತೇನೋ ಎಂಬಂತೆ ತಲೆ ನೇರವಾಗಿ ಹೆಗಲ ಮೇಲೆ ಕುಳಿತಿದೆ. ನಗು ಅಪರೂಪ, ಬಂದರೂ ಮೀಸೆಯೊಳಗೇ ಸುತ್ತಾಡಿ ಒಳಗೆ ಹೋಗುತ್ತದೆ. ಕೈಗಳನ್ನು ಮಾತ್ರ ತಿರುಗಿಸಿ ನೋಡಬೇಕು. ಪ್ಲಾಸ್ಟಿಕ್ ಪಟ್ಟಿ ಎಳೆದೆಳೆದು ಬೆರಳುಗಳು ಅರ್ಧ ಮಡಿಸಿದಂತೆಯೇ ನಿಂತುಬಿಟ್ಟಿವೆ. ಪೂರ್ತಿ ಬಿಚ್ಚವು, ಪೂರ್ತಿ ಮುಚ್ಚವು. ಹೊಳಪು ಹೋದ ಮಾಲು, ಆದರೆ ಎಲ್ಲಿಯೂ ಹೊಲಿಗೆ ಬಿಟ್ಟಿಲ್ಲ. ವ್ಯಾಪಾರಿಯಾದವನು ಇಂಥದನ್ನು ಬಾಯಿ ಮುಚ್ಚಿಕೊಂಡು ಕೊಂಡು, ಬಾಯಿ ಮುಚ್ಚಿಕೊಂಡು ಇಟ್ಟುಕೊಳ್ಳಬೇಕು. ನಾನು ಹಾಗೆಯೇ ಮಾಡಿದೆ. ನಮ್ಮದು ಹಾಸಿಗೆ, ದಿಂಬು, ರಜಾಯಿಗಳ ಸಗಟು ಮಳಿಗೆ. ಅದರ ಹಿಂಬದಿಯ ಗೋದಾಮಿನಲ್ಲಿ ಒತ್ತುವ ಯಂತ್ರದ ಮುಂದೆ ಅವನು ನಿಂತು ಬಹಳ ಕಾಲವಾಯಿತು.

ಅವನ ಕೆಲಸ ಹೇಳಲು ಸುಲಭ. ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿರುವ ಹಾಸಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಯಂತ್ರದ ಹಲಗೆಯ ಕೆಳಗಿಟ್ಟರೆ, ಯಂತ್ರ ಅದರ ಗಾಳಿಯನ್ನೆಲ್ಲ ಹೀರಿ ರಟ್ಟಿನಷ್ಟು ತೆಳ್ಳಗೆ ಮಾಡುತ್ತದೆ. ಅದನ್ನು ಸುರುಳಿ ಸುತ್ತಿ, ಪಟ್ಟಿ ಬಿಗಿದು, ಲಾರಿಗೆ ಏರಿಸಬೇಕು. ಆದರೆ ಬಿಗಿಯಣ್ಣ ಒಂದು ಸಲ ಒತ್ತಿದ್ದನ್ನು ನಂಬುವವನಲ್ಲ. ಸುರುಳಿ ಸುತ್ತಿದ ಮೇಲೆ ಇನ್ನೊಮ್ಮೆ ಒತ್ತುತ್ತಾನೆ. ಆಮೇಲೆ ಕಣ್ಣು ಮುಚ್ಚಿ, ಸುರುಳಿಗೆ ಕಿವಿ ಹಚ್ಚುತ್ತಾನೆ. ಎಲ್ಲಾದರೂ ತೂತಿದ್ದರೆ ಗಾಳಿ ಒಳಗೆ ಹೋಗುವ ಸಣ್ಣ ಸದ್ದು ಕೇಳುತ್ತದೆ. ಕೇಳದಿದ್ದರೆ ಮಾಲು ಸರಿ. ನೋಡಲು ಅದು ಎಷ್ಟೇ ಮುದ್ದೆಯಾಗಿದ್ದರೂ ಅವನಿಗೆ ಚಿಂತೆಯಿಲ್ಲ. ಒತ್ತಿದ ಮಾಲು ಚಂದ ಕಾಣಬೇಕಾಗಿಲ್ಲ, ಗಿರಾಕಿಯ ಮನೆಯಲ್ಲಿ ಪಟ್ಟಿ ಕತ್ತರಿಸಿದಾಗ ಅದು ಒಂದು ನಿಟ್ಟುಸಿರು ಬಿಟ್ಟು ತಾನಾಗಿ ಎದ್ದು ಕೂರುತ್ತದೆ. ಇನ್ನು ಸಂಜೆ ಮನೆಗೆ ಹೊರಡುವಾಗ ಗೋದಾಮಿನ ನೆಲದ ಮೇಲೆ ಬಿಡಿ ಮಾಲು ಒಂದು ತುಂಡೂ ಉಳಿದಿರಬಾರದು. ಕಟ್ಟಿದ್ದೂ ಇದ್ದು, ಬಿಚ್ಚಿದ್ದೂ ಇದ್ದರೆ ಅದು ಕೆಲಸವಲ್ಲ, ಸಂತೆ ಎನ್ನುತ್ತಾನೆ. ಬಿಗಿಯಣ್ಣ ಎಂಬ ಹೆಸರು ಲಾರಿಯವರು ಇಟ್ಟಿದ್ದು. ಇವನ ಕೈಗೆ ಬಿಟ್ಟರೆ ಯಜಮಾನರ ಹೆಂಡತಿಯ, ಅಂದರೆ ನನ್ನಾಕೆಯ, ಕೋಪವನ್ನೂ ಗಾಳಿ ತೆಗೆದು ಕಟ್ಟಿಕೊಡುತ್ತಾನೆ ಎಂದು ಅವರು ಬೀಡಿ ಸೇದುತ್ತ ಆಡಿಕೊಳ್ಳುತ್ತಾರೆ. ಕಟ್ಟಿಕೊಟ್ಟರೆ ಇಡಲು ನಮ್ಮ ಗೋದಾಮಿನಲ್ಲಿ ಜಾಗ ಸಾಲದು, ಅದು ಬೇರೆ ಮಾತು.

ಗೋದಾಮಿನಲ್ಲಿ ಇಷ್ಟು ತೂಕವಿರುವ ಮನುಷ್ಯ ಮನೆಯಲ್ಲಿ ಮಾತ್ರ ಹೊರಗಿನವನು. ಅವನ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು. ಹೆಂಡತಿ ಮಹಾ ವಾಚಾಳಿ. ನೀರು ತುಂಬುವ ಕೊಡದ ಜೊತೆಗೂ ಮಾತಾಡುವ ಹೆಂಗಸು. ತನ್ನ ಮಾತು ಮಗಳ ಕಿವಿಗೆ ಹೋಗುವುದಿಲ್ಲ ಎಂದು ಗೊತ್ತಾದ ದಿನ ಅತ್ತಳು, ಮರುದಿನದಿಂದ ಕೈಯಲ್ಲಿ ಮಾತಾಡತೊಡಗಿದಳು. ಯಾರೂ ಕಲಿಸಿದ್ದಲ್ಲ. ತಾಯಿ ಒಂದು ಹುಟ್ಟಿಸುವಳು, ಮಗಳು ಒಂದು ಹುಟ್ಟಿಸುವಳು. ಹೀಗೆ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೇ ಸೇರಿ ಒಂದು ಭಾಷೆಯನ್ನು ಬೆಳೆಸಿದರು. ಸುಳ್ಳು ಹೇಳಬೇಡ ಎನ್ನಲು ಮೂಗಿನ ತುದಿಯಿಂದ ಏನನ್ನೋ ಕಿತ್ತು ಕಿಟಕಿಯಾಚೆ ಎಸೆಯಬೇಕು. ನಾಳೆ ಎನ್ನಲು ಕೆನ್ನೆಯ ಕೆಳಗೆ ಕೈಯಿಟ್ಟು ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು. ಬಿಗಿಯಣ್ಣನಿಗೂ ಒಂದು ಗುರುತು ಇತ್ತು: ಕೆನ್ನೆ ಉಬ್ಬಿಸಿ, ಎರಡು ಮುಷ್ಟಿಗಳನ್ನು ಪಟ್ಟಿ ಎಳೆದಂತೆ ಎಳೆಯುವುದು. ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು ಊಟ, ನಿದ್ದೆ, ಬಾ, ಹೋಗು ಮತ್ತು ತಾನು. ಉಳಿದದ್ದಕ್ಕೆ ಹೆಂಡತಿ ಇದ್ದಳು. ಮಗಳು ಹೇಳಿದ್ದನ್ನು ಅವಳು ಬಾಯಲ್ಲಿ ಹೇಳುವಳು, ಅವನು ಹೇಳಿದ್ದನ್ನು ಕೈಯಲ್ಲಿ ಹೇಳುವಳು. ಮನೆಯಲ್ಲಿ ದುಭಾಷಿ ಇರುವಾಗ ಕಲಿಯುವ ಉಸಾಬರಿ ಯಾರಿಗೆ ಬೇಕು?

ಹೆಂಡತಿ ಒಂದು ಹಳೇ ವಿಡಿಯೋ ಕ್ಯಾಮೆರಾ ಕೊಂಡು ತಂದು ಅವನ ಕೈಗೆ ಕೊಟ್ಟಳು. ಸುಮ್ಮನೆ ಕೂರುವ ಬದಲು ಹಿಡಿಯಿರಿ ಎಂದಳು. ಅಂದಿನಿಂದ ಮನೆಯಲ್ಲಿ ಅವನಿಗೂ ಒಂದು ಹುದ್ದೆ ಸಿಕ್ಕಿತು. ರಜೆಯ ದಿನ ಮೇಜಿನ ಈಚೆ ಕ್ಯಾಮೆರಾ ಹಿಡಿದು ಅವನು ನಿಲ್ಲುವನು, ಆಚೆ ತಾಯಿ ಮಗಳು ಕೂರುವರು. ತಾಯಿ ಕಥೆ ಹೇಳುವಳು. ಅದರಲ್ಲಿ ಒಂದು ಬಸವನಹುಳು; ಬೆನ್ನ ಮೇಲೆ ಮನೆ ಹೊತ್ತುಕೊಂಡೇ ಬಾಡಿಗೆ ಮನೆ ಹುಡುಕುತ್ತ ಬೀದಿ ಬೀದಿ ಅಲೆಯುತ್ತದೆ. ಪ್ರತಿ ರಜೆಗೂ ಅದು ಹೊಸ ಬೀದಿಗೆ ಹೋಗುವುದು. ನಡುನಡುವೆ ಹೆಂಡತಿ ಕೆನ್ನೆ ಉಬ್ಬಿಸಿ ಮುಷ್ಟಿ ಎಳೆಯುವಳು. ಮಗಳು ಕ್ಯಾಮೆರಾದ ಕಡೆಗೆ ತಿರುಗಿ ಹೊಟ್ಟೆ ಹಿಡಿದು ನಗುವಳು.

"ಏನಂತೆ? ನನ್ನ ಸುದ್ದಿ ಯಾಕೆ ಬಂತು?" ಎಂದು ಅವನು ಕೇಳುವನು.

"ನಿಮ್ಮ ಸುದ್ದಿ ಅಲ್ಲ ಬಿಡ್ರಿ. ನೀವು ಕ್ಯಾಮೆರಾ ನೆಟ್ಟಗೆ ಹಿಡೀರಿ" ಎಂದು ಬಾಯಲ್ಲಿ ಹೇಳುತ್ತಲೇ ಅವಳ ಕೈ ಇನ್ನೇನನ್ನೋ ಹೇಳುತ್ತಿರುವುದು. ಮಗಳು ಇನ್ನೂ ಜೋರಾಗಿ ನಗುವಳು. ತನ್ನನ್ನು ಹೇಗೆ ಆಡಿಕೊಳ್ಳುತ್ತಿದ್ದಾರೆ ಎಂಬುದನ್ನು ತಾನೇ ಶ್ರದ್ಧೆಯಿಂದ ಚಿತ್ರೀಕರಿಸಿದ ಗಂಡಸು ಇವನೊಬ್ಬನೇ ಇರಬೇಕು.

ಮಗಳಿಗೆ ಒಂಬತ್ತು ತುಂಬುವ ಮೊದಲೇ ಹೆಂಡತಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ದುಭಾಷಿ ಹೋದಳು, ಉಳಿದ ಇಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮಗಳನ್ನು ಬೇರೆ ಊರಿನ ಕಿವುಡು ಮಕ್ಕಳ ವಸತಿಶಾಲೆಗೆ ಸೇರಿಸಿದ್ದಾಯಿತು. ಅಲ್ಲಿ ಅವಳು ಎಲ್ಲರಿಗೂ ತಿಳಿಯುವ ಕೈಭಾಷೆ ಕಲಿತಳು, ಓದು ಬರಹ ಕಲಿತಳು, ದೊಡ್ಡವಳಾಗಿ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ಅಪ್ಪ ಮಗಳ ನಡುವೆ ಫೋನಿನಲ್ಲಿ ಎರಡು ಸಾಲು ಓಡಾಡುತ್ತಿದ್ದವು. ಊಟ ಆಯ್ತಾ ಎಂದು ಅವನು ಬರೆಯುವನು, ಆಯ್ತು ಎಂದು ಅವಳು ಬರೆಯುವಳು. ಅದಕ್ಕಿಂತ ಹೆಚ್ಚಿಗೆ ಏನು ಕೇಳಬೇಕೆಂದು ಅವನಿಗೂ ಹೊಳೆಯದು, ಏನು ಹೇಳಬೇಕೆಂದು ಅವಳಿಗೂ ಹೊಳೆಯದು.

ಅಂಥವಳಿಂದ ಒಂದು ದಿನ ಉದ್ದನೆಯ ಸಂದೇಶ ಬಂತು. ಬಿಗಿಯಣ್ಣ ಅದನ್ನು ಯಂತ್ರ ನಿಲ್ಲಿಸಿ ಓದಿದ. ಶಾಲೆಯ ಮಕ್ಕಳಿಗೆ ಅವಳು ಅಮ್ಮನ ಬಸವನಹುಳುವಿನ ಕಥೆ ಹೇಳುತ್ತಿದ್ದಾಳಂತೆ. ಮಕ್ಕಳಿಗೆ ಅದರ ಹುಚ್ಚೇ ಹಿಡಿದಿದೆಯಂತೆ. ಹುಳು ಕೊನೆಯ ಬೀದಿಯ ಕೊನೆಯ ಬಾಗಿಲು ತಟ್ಟುವವರೆಗೆ ಅವಳಿಗೆ ನೆನಪಿದೆ. ಬಾಗಿಲು ತೆರೆದ ಮೇಲೆ ಏನಾಯಿತು ಎಂಬುದು ಮರೆತುಹೋಗಿದೆ. ಅಮ್ಮನ ಗುರುತುಗಳೂ ಒಂದೊಂದಾಗಿ ಜಾರುತ್ತಿವೆ, ಶಾಲೆಯ ಭಾಷೆ ಅವುಗಳ ಮೇಲೆ ಕೂತುಬಿಟ್ಟಿದೆ. ಕೊನೆಗೆ ಬರೆದಿದ್ದಳು: "ಎಲ್ಲಾ ನೀನು ಹಿಡಿದಿಟ್ಟಿದ್ದೀಯ ಅಲ್ವಾ ಅಪ್ಪ? ತಗೊಂಡು ಬಾ. ಒಂದೂ ಬಿಡಬೇಡ."

ಅವಳು ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವನ ಬಳಿ ಮಾತ್ರ ಇರುವ ವಸ್ತು, ಅವಳಿಗೆ ಮಾತ್ರ ಬೇಕಾದ ವಸ್ತು. ಬಿಗಿಯಣ್ಣ ಅಂದು ಲಾರಿಯವರ ಕುಚೋದ್ಯಕ್ಕೂ ನಕ್ಕ ಎಂದು ಗೋದಾಮಿನಲ್ಲಿ ಸುದ್ದಿಯಾಯಿತು.

ಚಿತ್ರಗಳೆಲ್ಲ ಮನೆಯ ಹಳೇ ಕಂಪ್ಯೂಟರಿನಲ್ಲಿದ್ದವು. ಕ್ಯಾಮೆರಾ ತುಂಬಿದಾಗಲೆಲ್ಲ ಅದಕ್ಕೆ ಸುರಿದು ಕ್ಯಾಮೆರಾ ಖಾಲಿ ಮಾಡುತ್ತಿದ್ದ. ಬೇರೆ ಪ್ರತಿ ಇರಲಿಲ್ಲ. ಮಗಳ ಫೋನಿಗೆ ಹೊಂದುವ ಚಿಕ್ಕ ಕಾರ್ಡೊಂದನ್ನು ಹಿಡಿದು ಮೊಬೈಲ್ ಅಂಗಡಿಗೆ ಹೋದ. ಅಷ್ಟೆಲ್ಲ ಇದರಲ್ಲಿ ಹಿಡಿಯುವುದಿಲ್ಲ, ದೊಡ್ಡ ಡಿಸ್ಕ್ ತೆಗೆದುಕೊಳ್ಳಿ ಎಂದು ಅಂಗಡಿಯವನು ಹೇಳಿದ. ಹಿಡಿಯುವುದಿಲ್ಲ ಎಂಬ ಮಾತನ್ನು ಬಿಗಿಯಣ್ಣನ ಮುಂದೆ ಆಡಬಾರದಿತ್ತು.

"ಹಿಡಿಯಲ್ಲ ಅನ್ನೋದು ಯಾವುದೂ ಇಲ್ಲ. ತುಂಬೋನಿಗೆ ಬರಬೇಕು ಅಷ್ಟೆ" ಎಂದ.

ಅಂಗಡಿಯವನಿಗೆ ವಾದ ಬೇಕಿರಲಿಲ್ಲ. ವಿಡಿಯೋಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಾಫ್ಟ್‌ವೇರನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅದರಲ್ಲೊಂದು ಗುಂಡಿ ಇದೆ, ಬಲಕ್ಕೆ ಎಳೆದರೆ ಚಿತ್ರ ಚೆನ್ನ, ಎಡಕ್ಕೆ ಎಳೆದರೆ ಚಿಕ್ಕದು. ನಡುವೆ ಇಟ್ಟು ಮೊದಲು ಒಂದನ್ನು ಮಾಡಿ ನೋಡಿ ಎಂದು ಬುದ್ಧಿ ಹೇಳಿದ. ಬಿಗಿಯಣ್ಣನ ಕಿವಿಗೆ ಬಿದ್ದದ್ದು 'ಒತ್ತಿ' ಎಂಬ ಒಂದೇ ಮಾತು. ತನ್ನ ಜೀವಮಾನದ ಕಸುಬನ್ನು ಇನ್ನೊಬ್ಬರಿಂದ ಹೇಳಿಸಿಕೊಳ್ಳುವ ಅಗತ್ಯ ಅವನಿಗೆ ಕಾಣಲಿಲ್ಲ.

ರಜೆಯ ದಿನ ಬೆಳಿಗ್ಗೆ ಮುಖ ತೊಳೆದು, ಕೂದಲು ಬಾಚಿ, ಕೆಲಸಕ್ಕೆ ಹೊರಟವನಂತೆ ಕಂಪ್ಯೂಟರಿನ ಮುಂದೆ ಕೂತ. ಗುಂಡಿಯನ್ನು ಎಡಕ್ಕೆ, ಇನ್ನು ಹೋಗುವುದಿಲ್ಲ ಎನ್ನುವವರೆಗೆ ಎಳೆದ. ಕೆಳಗೊಂದು ಚೌಕವಿತ್ತು: ಕೆಲಸ ಮುಗಿದ ಮೇಲೆ ಮೂಲ ಕಡತವನ್ನು ಅಳಿಸು. ಈ ಸಾಫ್ಟ್‌ವೇರ್ ಬರೆದವನು ಯಾರೋ ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡು ಅದಕ್ಕೆ ಗುರುತು ಹಾಕಿದ. ನೆಲದ ಮೇಲೆ ಬಿಡಿ ಮಾಲು ಉಳಿಯಬಾರದು. ಒಂದು ಸಲ ಒತ್ತಿ ಮುಗಿದಾಗ ಎಲ್ಲವೂ ಕಾರ್ಡಿಗೆ ಹಿಡಿಯುವಂತಾಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೂ ಏನೋ ಒಂದಿಷ್ಟು ಉಳಿಯುತ್ತಿತ್ತೇನೋ. ಆದರೆ ಒಂದೇ ಸಲ ಒತ್ತಿದ್ದನ್ನು ಅವನ ಕೈ ಯಾವತ್ತೂ ಹೊರಗೆ ಕಳಿಸಿದ್ದಿಲ್ಲ. ಒತ್ತಿದ್ದನ್ನೆಲ್ಲ ಮತ್ತೊಮ್ಮೆ ಒತ್ತಲು ಹಾಕಿದ.

ಆಮೇಲೆ ಪರೀಕ್ಷೆ. ಒಂದೊಂದನ್ನೂ ಓಡಿಸಿ, ಕಣ್ಣು ಮುಚ್ಚಿ, ಪುಟ್ಟ ಸ್ಪೀಕರಿಗೆ ಕಿವಿ ಹಚ್ಚಿದ. "ನೆಟ್ಟಗೆ ಹಿಡೀರಿ" ಎಂದಳು ಹೆಂಡತಿ, ಪಕ್ಕದ ಕೋಣೆಯಲ್ಲಿ ನಿಂತು ಹೇಳಿದಂತೆ. ಕುರ್ಚಿ ಕಿರುಗುಟ್ಟಿದ್ದು, ಮಗಳು ನಕ್ಕಿದ್ದು, ನಲ್ಲಿಯ ನೀರು ಎಲ್ಲ ಸ್ಪಷ್ಟ. ಎಲ್ಲಿಯೂ ಸೋರಿಕೆಯಿಲ್ಲ. ನಡುವೆ ಒಮ್ಮೆ ಕಣ್ಣು ತೆರೆದಾಗ ಚಿತ್ರ ಮುದ್ದೆಯಾದಂತೆ ಕಾಣಿಸಿತು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಒತ್ತಿದ ಮಾಲು ಇನ್ನು ಹೇಗೆ ಕಾಣಬೇಕು? ಅಲ್ಲಿ ಹೋಗಿ ಬಿಚ್ಚಿದರೆ ಏಳುತ್ತದೆ. ಅವನಿಗೆ ಹೆಂಡತಿ ಎಂದರೆ ದನಿ. ದನಿ ಇದ್ದುದರಿಂದ ಹೆಂಡತಿ ಪೂರ್ತಿ ಇದ್ದಾಳೆಂದೇ ನಂಬಿ ಎದ್ದ. ಕಾರ್ಡಿನಲ್ಲಿ ಇನ್ನೂ ಜಾಗ ಮಿಕ್ಕಿತ್ತು. ಮೊಬೈಲ್ ಅಂಗಡಿಯ ಮುಂದೆ ಹಾದು ಹೋಗುವಾಗ ಅದನ್ನು ಹೇಳಿಯೇ ಹೋದ.

ಶಾಲೆಯಲ್ಲಿ ಮಗಳು ಗೇಟಿನ ಬಳಿಯೇ ಕಾದಿದ್ದಳು. ಊಟದ ಕೋಣೆಯ ಬೆಂಚುಗಳನ್ನು ಒಂದೇ ಕಡೆಗೆ ತಿರುಗಿಸಿ, ಕಿಟಕಿಗಳಿಗೆ ಹೊದಿಕೆ ಕಟ್ಟಿ, ಗೋಡೆಯ ಮೇಲೆ ಚಿತ್ರ ಬೀಳುವಂತೆ ಸಜ್ಜು ಮಾಡಿದ್ದಳು. ಚಿಕ್ಕ ಮಕ್ಕಳು ಕೂತಿದ್ದರು. ಮುಂದಿನ ಕಥೆಯನ್ನು ಇವತ್ತು ನನ್ನ ಅಮ್ಮನೇ ಬಂದು ಹೇಳುತ್ತಾಳೆ ಎಂದು ಅವರಿಗೆ ಹೇಳಿದ್ದಾಳೆಂದು ಫೋನಿನಲ್ಲಿ ಬರೆದು ತೋರಿಸಿದಳು. ಅಪ್ಪನನ್ನು ಮೊದಲ ಬೆಂಚಿನಲ್ಲಿ ಕೂರಿಸಿದಳು. ಕೂರಿಸುವಾಗ ಕೆನ್ನೆ ಉಬ್ಬಿಸಿ, ಮುಷ್ಟಿ ಎಳೆದು ಮಕ್ಕಳಿಗೆ ಪರಿಚಯ ಮಾಡಿಸಿದಳು. ಮಕ್ಕಳು ನಕ್ಕವು. ಬಿಗಿಯಣ್ಣನ ನಗು ಮೀಸೆ ದಾಟಿ ಹೊರಗೆ ಬಂತು.

ಗೋಡೆಯ ಮೇಲೆ ಚಿತ್ರ ಬಿತ್ತು. ಅಡುಗೆಮನೆ ಗುರುತಾಗುವಂತಿತ್ತು: ಹಸಿರು ಬಣ್ಣದ ಒಂದು ಚೌಕ ಕಿಟಕಿ, ಕಂದು ಬಣ್ಣದ್ದು ಮೇಜು. ಮೇಜಿನಾಚೆ ಒಂದು ಆಕೃತಿ. ಅದರ ಮುಖ ಇರಬೇಕಾದಲ್ಲಿ ನಾಲ್ಕಾರು ಬಣ್ಣದ ಚೌಕಗಳು ಅತ್ತಿತ್ತ ಸರಿಯುತ್ತಿದ್ದವು. ಕೈ ಎತ್ತಿದಾಗ ಕೈಯೇ ಇಲ್ಲ. ಗಾಳಿಯಲ್ಲಿ ಒಂದು ಮಸುಕು ಎದ್ದು ಹರಡಿ ಗೋಡೆಯ ಬಣ್ಣದಲ್ಲಿ ಬೆರೆತು ಹೋಗುತ್ತಿತ್ತು. ಕೈ ನಿಂತರೆ ಮುದ್ದೆ, ಕೈ ಆಡಿದರೆ ಹೊಗೆ. ಕೈಯಿಂದಲೇ ಮಾತಾಡಿದವಳಿಗೆ ಬೆರಳು ಒಂದೂ ಉಳಿದಿರಲಿಲ್ಲ.

ಕೋಣೆಯ ತುಂಬ ಅವಳ ದನಿ ಮಾತ್ರ ಕೇಳುತ್ತಿತ್ತು. ನಿಮ್ಮ ಸುದ್ದಿ ಅಲ್ಲ ಬಿಡ್ರಿ ಎಂದಳು. ಆ ಕೋಣೆಯಲ್ಲಿ ಅದನ್ನು ಕೇಳಬಲ್ಲ ಜೀವ ಬಿಗಿಯಣ್ಣನೊಬ್ಬನೇ.

ಮಗಳು ಮುಂದಿನದನ್ನು ಹಾಕಿದಳು. ಅದರ ಮುಂದಿನದನ್ನು ಹಾಕಿದಳು. ಬಿಗಿಯಣ್ಣ ಎದ್ದು ಹೋಗಿ, ಕಾರ್ಡು ತೋರಿಸಿ, ಪಟ್ಟಿ ಕತ್ತರಿಸುವಂತೆ ಎರಡು ಬೆರಳು ಆಡಿಸಿದ: ಬಿಚ್ಚು, ಇನ್ನೂ ಬಿಚ್ಚಿಲ್ಲ ನೀನು. ಅವಳಿಗೆ ತಿಳಿಯಲಿಲ್ಲ. ಅವನು ಅವಳ ಫೋನು ಇಸಿದುಕೊಂಡು, ಮಡಿಸಿದ ಬೆರಳಿನಿಂದ ತಡವರಿಸಿ, ಒತ್ತಿ ತಂದಿದ್ದೇನೆ, ಬಿಚ್ಚಿದರೆ ಸರಿಹೋಗುತ್ತದೆ ಎಂದು ಬರೆದ. ಅವಳು ಅದನ್ನು ಓದಿ ಅವನ ಮುಖವನ್ನೇ ನೋಡಿದಳು. ಮೊದಲಿನದು ಎಲ್ಲಿ ಎಂದು ಬರೆದಳು. ಅಳಿಸಿದೆ ಎಂದು ಅವನು ಬರೆದ. ಅದನ್ನು ಬರೆಯುವಾಗಲೂ ಅವನಿಗೆ ತಾನು ಮಾಡಿದ್ದು ಏನೆಂದು ಗೊತ್ತಿರಲಿಲ್ಲ. ಅವಳ ಮುಖ ಬದಲಾದದ್ದನ್ನು ನೋಡಿ ಗೊತ್ತಾಯಿತು.

ಮುಂದಿನ ಬೆಂಚಿನ ಒಂದು ಮಗು ಅವಳ ಸೆರಗು ಜಗ್ಗಿ ಕೈಯಲ್ಲಿ ಏನೋ ಕೇಳಿತು. ಅವಳು ಕಿಟಕಿಯ ಹೊದಿಕೆ ಬಿಚ್ಚತೊಡಗಿದಳು.

ಊರಿಗೆ ಮರಳಿದ ಬಿಗಿಯಣ್ಣ ಮನೆಯ ಕಂಪ್ಯೂಟರನ್ನು ಮಗುವಿನಂತೆ ತಬ್ಬಿಕೊಂಡು ರಿಪೇರಿ ಅಂಗಡಿಗೆ ಹೋದ. ಅದನ್ನು ನಡೆಸುವ ಹೆಂಗಸು ನಿಷ್ಠುರದವಳು, ಆದರೆ ಅವನ ಅವಸ್ಥೆ ನೋಡಿ ಕೂರಲು ಸ್ಟೂಲು ಕೊಟ್ಟಳು. ಅಳಿಸಿದ್ದನ್ನು ಕೆದಕಿ ಕೆದಕಿ ತೆಗೆದಳು. ಸಿಕ್ಕಿದ್ದು ಚೂರುಪಾರು: ಮನೆಯ ಮಾಳಿಗೆ, ಯಾರದೋ ಮೊಣಕಾಲು, ಅವನದೇ ಹೆಬ್ಬೆರಳು. ಅಳಿಸಿದ ಜಾಗದ ಮೇಲೆಯೇ ಒತ್ತಿದ್ದನ್ನು ಬರೆದಿದ್ದೀರಿ, ಎರಡನೇ ಸಲ ಮತ್ತೆ ಅದರ ಮೇಲೆಯೇ ಬರೆದಿದ್ದೀರಿ ಎಂದಳು. ಹಾಗಾದರೆ ನಮ್ಮ ಹಾಸಿಗೆ ಬಿಚ್ಚುವಂತೆ ಒತ್ತಿದ್ದನ್ನೇ ಬಿಚ್ಚಿಕೊಡಿ, ತಡವಾದರೂ ಪರವಾಗಿಲ್ಲ ಎಂದು ಅವನು ಹಟ ಹಿಡಿದ.

"ಅಣ್ಣ, ನಿಮ್ಮ ಹಾಸಿಗೆಯೊಳಗಿಂದ ತೆಗೆಯೋದು ಗಾಳಿ. ಹತ್ತಿ ಒಳಗೇ ಇರತ್ತೆ, ಅದಕ್ಕೇ ಏಳತ್ತೆ" ಎಂದಳು ಆಕೆ. "ಇದು ಹತ್ತೀನೇ ತೆಗೆದು ಎಸೆಯತ್ತೆ. ಏಳೋದಕ್ಕೆ ಒಳಗೆ ಏನಿದೆ?"

ಅವನು ಸ್ಟೂಲಿನಿಂದ ಏಳಲು ಬಹಳ ಹೊತ್ತು ಹಿಡಿಯಿತು. ಆಕೆ ಅಂಗಡಿಯ ಬಾಗಿಲು ಅರ್ಧ ಎಳೆದು ಕಾದಳು.

ಕಡೆಯ ಆಸೆಯೆಂದು ನಾದಿನಿಯ ಮನೆಗೆ ಹೋದ. ಹೆಂಡತಿಯ ತಂಗಿ ಅವಳು. ಆ ಕಾಲದಲ್ಲಿ ಮನೆಗೆ ಬಂದು ಹೋಗುತ್ತಿದ್ದವಳು. ಅಕ್ಕ ಕೈಯಲ್ಲಿ ಹೇಳುತ್ತಿದ್ದ ಕಥೆ ನೆನಪಿದೆಯೇ ಎಂದು ಕೇಳಿದ. ಅವಳು ಪಾಪ, ಬಹಳ ಯೋಚಿಸಿ ಊಟದ ಗುರುತು ಮಾಡಿದಳು, ನಿದ್ದೆಯ ಗುರುತು ಮಾಡಿದಳು. "ಅವರಿಬ್ಬರ ನಡುವೆ ನಮಗೆಲ್ಲಿ ಜಾಗ ಇತ್ತು ಭಾವ? ನೀವೇ ಅಲ್ವಾ ದಿನಾ ಎದುರಿಗೆ ನಿಂತಿರ್ತಿದ್ದೋರು" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಅದು ಸರಿಯಾದ ಜಾಗಕ್ಕೇ ಹೋಗಿ ನಾಟಿತು. ಹೌದು, ಎದುರಿಗೇ ನಿಂತಿದ್ದ. ಅಷ್ಟೂ ವರ್ಷ ಕಣ್ಣ ಮುಂದೆ ಆಡಿದ ಕೈಗಳಲ್ಲಿ ಒಂದು ವಾಕ್ಯವನ್ನಾದರೂ ಅವನು ತಲೆಗೆ ಹಾಕಿಕೊಳ್ಳಲಿಲ್ಲ. ಕ್ಯಾಮೆರಾ ಹಾಕಿಕೊಳ್ಳುತ್ತದೆ ಎಂದುಕೊಂಡಿದ್ದ.

ಒಂದು ದಾರಿ ಉಳಿದಿದೆ ಎಂದು ಅವನಿಗೆ ತೋರಿತು. ದನಿ ಇದೆಯಲ್ಲ. ಒಂದೊಂದನ್ನೂ ಕೇಳಿ, ಅವಳು ಬಾಯಲ್ಲಿ ಆಡಿದ್ದನ್ನೆಲ್ಲ ಅಕ್ಷರ ಬಿಡದೆ ಮಗಳಿಗೆ ಬರೆದು ಕಳಿಸತೊಡಗಿದ. ನೆಟ್ಟಗೆ ಹಿಡೀರಿ. ಬೆಳಕಿಗೆ ಅಡ್ಡ ನಿಲ್ಲಬೇಡಿ. ಬಾಗಿಲು ಯಾರೋ ಬಡಿದರು ನೋಡಿ. ನಿಮ್ಮ ಸುದ್ದಿ ಅಲ್ಲ ಬಿಡ್ರಿ. ಬರೆಯುತ್ತ ಹೋದಂತೆ ಅವನಿಗೇ ಗೊತ್ತಾಯಿತು, ಕಥೆಯ ಹೊತ್ತಿನಲ್ಲೆಲ್ಲ ಹೆಂಡತಿಯ ಬಾಯಿ ಮುಚ್ಚಿತ್ತು. ಕುರ್ಚಿಯ ಸದ್ದು, ಉಸಿರು, ನಗು. ಬಾಗಿಲು ತೆರೆದ ಮೇಲೆ ಹುಳುವಿಗೆ ಏನಾಯಿತು ಎಂಬಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಷ್ಟೆ.

ಮಗಳು ಎಲ್ಲವನ್ನೂ ಓದಿದಳು. ಬೈಯಲಿಲ್ಲ. ಒಂದು ಸಲ ಬರೆದಳು: "ಇದೆಲ್ಲ ಅಮ್ಮ ನಿನ್ನ ಹತ್ತಿರ ಆಡಿದ್ದು ಅಪ್ಪ. ಅದು ಉಳಿದಿದೆ. ನನ್ನ ಹತ್ತಿರ ಆಡಿದ್ದು ಹೋಯಿತು."

ಮರುದಿನ ಅವನು ಊಟ ಆಯ್ತಾ ಎಂದು ಬರೆದ. ಉತ್ತರ ಬರಲಿಲ್ಲ. ಅದರ ಮರುದಿನವೂ ಬರೆದ. ಸ್ವಲ್ಪ ಕಾಲದ ಮೇಲೆ ಆಯ್ತು ಎಂದು ಬರತೊಡಗಿತು.

ಈಗ ರಜೆಯ ದಿನಗಳಲ್ಲಿ ಅವನು ಶಾಲೆಗೆ ಹೋಗಿ ಚಿಕ್ಕ ಮಕ್ಕಳ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಕೈಭಾಷೆ ಕಲಿಯಬೇಕೆಂದು ಅವನ ಆಸೆ. ಬೆರಳು ಬಿಚ್ಚದ ಕೈಗೆ ಅದು ಬರುವುದಿಲ್ಲ. ಅವನು ನೀರು ಎಂದು ಮಾಡಿದ್ದು ಮಕ್ಕಳಿಗೆ ಬೇರೇನೋ ಆಗಿ ಕಾಣುತ್ತದೆ, ನಗುತ್ತವೆ. ಮಗಳು ಅವನ ಬೆರಳನ್ನು ಹಿಡಿದು ತಿದ್ದುವುದಿಲ್ಲ. ಬೇರೆಯವರಿಗೆ ಕಲಿಸುವಂತೆ ದೂರದಿಂದ ಮಾಡಿ ತೋರಿಸಿ ಮುಂದೆ ಹೋಗುತ್ತಾಳೆ. ಕಲಿತರೂ ಅದು ಶಾಲೆಯ ಭಾಷೆ, ಅವನ ಅಡುಗೆಮನೆಯದಲ್ಲ. ಬಸವನಹುಳುವಿನ ಕಥೆಗೆ ಅವಳು ತಾನೇ ಒಂದು ಕೊನೆ ಕಟ್ಟಬಹುದಿತ್ತು. ಜೊತೆಯ ಶಿಕ್ಷಕಿಯರು ಹಾಗೆಂದೇ ಹೇಳಿದರು. ಅವಳು ಒಪ್ಪಲಿಲ್ಲ. ಮುಂದೇನಾಯಿತು ಎಂದು ಮಕ್ಕಳು ಕೇಳಿದರೆ, ನನಗೆ ಗೊತ್ತಿಲ್ಲ ಎಂದು ಕೈಯಲ್ಲಿ ಹೇಳಿ ಬೇರೆ ಪಾಠ ತೆಗೆಯುತ್ತಾಳೆ. ಹಿಂದಿನ ಬೆಂಚಿನಲ್ಲಿ ಬಿಗಿಯಣ್ಣನಿಗೆ ತಪ್ಪಿಲ್ಲದೆ ಅರ್ಥವಾಗುವ ವಾಕ್ಯ ಅದೊಂದೇ.

ಗೋದಾಮಿನಲ್ಲಿ ಅವನ ಕೆಲಸ ಮೊದಲಿನಂತೆಯೇ ನಡೆದಿದೆ, ಒಂದು ಸುರುಳಿಯೂ ವಾಪಸ್ಸು ಬಂದಿಲ್ಲ. ಎರಡು ಸಲ ಒತ್ತುವ, ಕಿವಿಯಿಂದ ನೋಡುವ, ಬಿಡಿ ಉಳಿಸದ ಅವನ ರೀತಿಯಿಂದ ಈ ಮಳಿಗೆ ಬೆಳೆಯಿತು. ಅದೇ ರೀತಿಯಿಂದ ಅವನು ಹೆಂಡತಿಯ ಕೈಗಳನ್ನು ಕಳೆದುಕೊಂಡ. ಆ ರೀತಿಯ ಲಾಭವೆಲ್ಲ ನನಗೆ ಬಂದಿದೆ, ನಷ್ಟವೆಲ್ಲ ಅವನಿಗೆ ಹೋಗಿದೆ. ನಾನು ಅವನಿಗೆ ಸಾಲಗಾರ, ಮತ್ತು ಆ ಸಾಲವನ್ನು ತೀರಿಸಲು ನನ್ನ ಕೈಯಲ್ಲಿ ಆಗುವುದಿಲ್ಲ.